ಸ್ಟೀರಿಂಗ್ ಪೈಪ್ ತೂತಾದಾಗ: ಕ್ಲಿಪ್ಪು, ಗುಜರಿ, ಕ್ರಿಂಪಿಂಗ್, ಹೊಸದು

ಪಿಂಪ್ರಿಯಿಂದ ವಿಜಯಪುರಕ್ಕೆ ತಿಂಗಳಿಗೆ ಎರಡು ಸಲವಾದರೂ ಓಡುವ ನನ್ನ ಹಳೇ ಬೊಲೆರೊ ಕಳೆದ ವರ್ಷ ಪವರ್ ಸ್ಟೀರಿಂಗ್ ಆಯಿಲ್ ಕುಡಿಯತೊಡಗಿತು. ಪಂಪಿನಿಂದ ಹೊರಡುವ ಪ್ರೆಷರ್ ಪೈಪನ್ನು ಹಿಡಿದಿದ್ದ ಪಟ್ಟಿಯ ರಬ್ಬರ್ ಸವೆದು, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ, ಸೂಜಿಮೊನೆಯಷ್ಟು ತೂತು ಬಿದ್ದಿತ್ತು.

ಮೊದಲು ಅಗ್ಗದ ದಾರಿ. ಓಣಿಯ ಗ್ಯಾರೇಜಿನವನು ತೂತಿದ್ದ ಕಡೆ ಪೈಪ್ ಕತ್ತರಿಸಿ, ನಡುವೆ ರಬ್ಬರ್ ಹೋಸ್ ತೂರಿಸಿ, ಎರಡು ಕ್ಲಿಪ್ ಬಿಗಿದ. 200 ರೂಪಾಯಿ. ಸೋಲಾಪುರ ರಸ್ತೆಯಲ್ಲಿ ಭಿಗವಣದವರೆಗೆ ಸುಮ್ಮನಿತ್ತು. ಊಟಕ್ಕೆಂದು ಗಾಡಿ ತಿರುಗಿಸಿ ಸ್ಟೀರಿಂಗ್ ಕೊನೆಯವರೆಗೆ ಎಳೆದೆ ನೋಡಿ, ಟಪ್ ಅಂತು. ಬಾನೆಟ್ ಎತ್ತಿದರೆ ಎಲ್ಲ ಕಡೆ ಕೆಂಪು ಆಯಿಲ್, ಸೈಲೆನ್ಸರ್ ಕಡೆಯಿಂದ ಹೊಗೆ. ಬೆಂಕಿ ಹತ್ತಲಿಲ್ಲ, ಪುಣ್ಯ. ಸ್ಟೀರಿಂಗ್ ತಿರುಗುತ್ತಿತ್ತು, ಆದರೆ ಗಾಣ ಎಳೆದ ಹಾಗೆ.

ತಪ್ಪು ಕ್ಲಿಪ್ಪಿನದಲ್ಲ, ಅದನ್ನು ಹಾಕಿದ ಜಾಗದ್ದು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹಿಡಿದರೆ ಪ್ರೆಷರ್ ಲೈನಿನಲ್ಲಿ 70ರಿಂದ 100 ಬಾರ್ ಒತ್ತಡ ಏಳುತ್ತದೆ. ಟೈರಿನ ಗಾಳಿಗಿಂತ ಮೂವತ್ತು ಪಟ್ಟಿಗೂ ಹೆಚ್ಚು. ಆಯಿಲ್ ಡಬ್ಬಿಗೆ ವಾಪಸ್ ಬರುವ, ಒತ್ತಡ ಕಡಿಮೆಯಿರುವ ರಿಟರ್ನ್ ಲೈನ್ ಸೋರಿದರೆ ಹೋಸು-ಕ್ಲಿಪ್ಪು ಧಾರಾಳ ಸಾಕು. ಅಲ್ಲಿಗೂ ಆಯಿಲ್ ತಡೆಯುವ ನೈಟ್ರೈಲ್ ಹೋಸೇ ಬೇಕು, ರೇಡಿಯೇಟರಿನದು ಉಬ್ಬಿ ಮೆತ್ತಗಾಗುತ್ತದೆ.

ಗುಜರಿಯ ಪೈಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಥ್ರೆಡ್ ಕೂತಿತು, ಆದರೆ ಬಾಗು ಬೇರೆ ಥರ ಇತ್ತು. ರಬ್ಬರ್ ಮಡಚಿ ನೋಡಿದರೆ ಸಣ್ಣ ಸಣ್ಣ ಬಿರುಕು. ವಾಪಸ್ ಕೊಟ್ಟು ಬಂದೆ.

ಮೂರನೆಯದು ಪಿಂಪ್ರಿ ಹತ್ತಿರದ ಕೈಗಾರಿಕಾ ಪ್ರದೇಶ, ಭೋಸರಿ ಎಂಐಡಿಸಿ. ಜೆಸಿಬಿ, ಪ್ರೆಸ್ ಮಷೀನುಗಳಿಗೆ ಹೋಸ್ ಮಾಡಿಕೊಡುವ ಅಂಗಡಿ. ನಾನು ಫೋನಿನಲ್ಲಿ ಮನೆಯವಳ ಜೊತೆ ಮಾತಾಡುವುದು ಕೇಳಿ ಕ್ರಿಂಪಿಂಗ್ (ಹೋಸಿನ ತುದಿಗೆ ಉಕ್ಕಿನ ಟೋಪಿ ಒತ್ತಿ ಕೂರಿಸುವ ಕೆಲಸ) ಮಾಡುವವನು ತಲೆ ಎತ್ತಿದ: “ಯಾವೂರ್ರೀ ಅಣ್ಣಾರ?” ಅವನು ಸಿಂದಗಿಯವನು. ಅಲ್ಲಿಂದ ಕೆಲಸ ಬೇರೆಯೇ ಆಯಿತು. ಹಳೇ ಪೈಪಿನ ಎರಡೂ ತುದಿ ಉಳಿಸಿಕೊಂಡು, ಅವಕ್ಕೆ ಹೋಸ್ ಕೂರುವ ನಿಪ್ಪಲ್ ಇಟ್ಟು ಪಿತ್ತಳೆ ಬೆಸುಗೆ ಹಾಕಿದ. ನಡುವೆ ಎರಡು ಪದರ ತಂತಿ ಹೆಣೆದ ಆರ್2 ಹೋಸ್. ಮಷೀನಿನ ದವಡೆಗಳು ಸುತ್ತಲಿಂದ ಒಮ್ಮೆಲೇ ಒತ್ತಿ ಬಿಟ್ಟಾಗ ಉಕ್ಕಿನ ಟೋಪಿಯ ಮೇಲೆ ಸಾಲಾಗಿ ಗೀರು ಮೂಡಿದವು. ಪೂರಾ 1,400 ರೂಪಾಯಿ, ಒಂದೂವರೆ ತಾಸು.

“ಸೋರತೈತೇನಂತ ಕೈ ಆಡಿಸಿ ನೋಡಬ್ಯಾಡ್ರಿ, ಆಯಿಲ್ ಚರ್ಮದಾಗ ಹೊಕ್ಕತೈತಿ,” ಅಂದು ಒಂದು ರಟ್ಟಿನ ತುಂಡು ಕೊಟ್ಟ. ಮುಂದಿನ ಗಾಲಿ ಎತ್ತಿ, ಎಂಜಿನ್ ಬಂದ್ ಇದ್ದಾಗಲೇ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ತಿರುಗಿಸಿ, ಆಯಿಲ್ ತುಂಬುತ್ತಾ ಗಾಳಿ ತೆಗೆದೆವು. ಆಮೇಲೆ ಎಂಜಿನ್ ಶುರು ಮಾಡಿ ರಟ್ಟು ಹಿಡಿದು ನೋಡಿದರೆ ಒಂದು ಹನಿಯೂ ಇಲ್ಲ.

ದೋಷ ಎರಡು. ಆ ಹೋಸು 3/8 ಇಂಚಿನದಾದರೆ 330 ಬಾರ್ ತಡೆಯುತ್ತದೆ, ಶಾಖದ ಮಿತಿ ಮಾತ್ರ 100 ಡಿಗ್ರಿ. ಹಾಗಾಗಿ ಸೈಲೆನ್ಸರಿನಿಂದ ದೂರ ಕಟ್ಟಬೇಕು. ಕಂಪನಿಯ ಹೋಸು ಸ್ವಲ್ಪ ಹಿಗ್ಗಿ ಪಂಪಿನ ಬಡಿತ ನುಂಗುತ್ತದೆ, ಇದು ಬಿರುಸು. ಪಾರ್ಕಿಂಗಿನಲ್ಲಿ ತಿರುಗಿಸುವಾಗ ಗುಂಯ್ ಅನ್ನುತ್ತಿತ್ತು. ಹೆಂಡತಿಗೆ ಕೇಳಿಸಲೇ ಇಲ್ಲ. ನನಗೆ ದಿನಾ ಕೇಳಿಸಿತು.

ಎಂಟು ತಿಂಗಳ ಮೇಲೆ ಕಂಪನಿಯ ಹೊಸ ಪೈಪ್ ತರಿಸಿದೆ. 3,200 ರೂಪಾಯಿ, ಐದು ದಿನ ಕಾಯಬೇಕಾಯಿತು. ಬಾಗು ಹುಟ್ಟಿದ ಹಾಗೆ ಕೂತಿತು, ಗುಂಯ್ ನಿಂತಿತು. ಗಾಡಿ ಐದು ದಿನ ನಿಲ್ಲಿಸಬಲ್ಲವರು ನೇರ ಇದಕ್ಕೇ ಹೋಗಲಿ. ಬೆಳಗಾದರೆ ಬಾಡಿಗೆ ಹೊಡೆಯಬೇಕಾದವರಿಗೆ ಭೋಸರಿ.

ಬಿಚ್ಚಿದ ಕ್ರಿಂಪಿಂಗ್ ಪೈಪಿನ ಎರಡೂ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ ಹಿಂದಿನ ಸೀಟಿನ ಕೆಳಗೆ ಇಟ್ಟಿದ್ದೇನೆ. ರಟ್ಟೂ ಅಲ್ಲೇ ಇದೆ.