ಜೋಡಿ ಎಂಜಿನ್ ಅಂತ ಕೊಂಡೆ, ಓಟ ಮಾತ್ರ ಬೇರೆ ಬೇರೆ

ಮಾದರಿ ರೈಲು ಓಡಿಸೋಕೆ ಒಂದೇ ಕಂಪನಿಯ ಎರಡು ಎಚ್‌ಒ (ನಿಜವಾದ ರೈಲಿನ 87ರಲ್ಲಿ ಒಂದು ಅಳತೆ) ಡೀಸೆಲ್ ಎಂಜಿನ್ ತೆಗೆದುಕೊಂಡೆ. ಮಾಡೆಲ್ ಒಂದೇ, ಬಣ್ಣ ಒಂದೇ, ನಂಬರ್ ಮಾತ್ರ ಬೇರೆ. ಎರಡನ್ನೂ ಜೋಡಿಸಿ ಉದ್ದನೆಯ ಗೂಡ್ಸ್ ಎಳೆಸಬೇಕು ಅನ್ನೋದು ಬಹಳ ದಿನದ ಆಸೆ.

ಮೊದಲು ಒಂದೊಂದೇ ಓಡಿಸಿ ನೋಡಿದೆ. ಥ್ರಾಟಲ್ ಅದೇ ಸ್ಟೆಪ್‌ನಲ್ಲಿದ್ದರೂ ನನ್ನ 5 ಮೀಟರ್ ಸುತ್ತನ್ನು ಒಂದು 26 ಸೆಕೆಂಡಿಗೆ ಮುಗಿಸಿತು, ಇನ್ನೊಂದಕ್ಕೆ 33 ಸೆಕೆಂಡ್ ಬೇಕಾಯಿತು. 1:87 ಲೆಕ್ಕದಲ್ಲಿ ಅದು ನಿಜವಾದ ರೈಲಿನ ಗಂಟೆಗೆ ಸುಮಾರು 60 ಮತ್ತು 47 ಕಿ.ಮೀ. ಇಷ್ಟು ವ್ಯತ್ಯಾಸ ಜಾಸ್ತಿ ಆಯ್ತು ಅಲ್ವಾ? ಹಾಗೇ ಜೋಡಿಸಿದರೆ ಒಂದು ಇನ್ನೊಂದನ್ನು ಎಳೆದಾಡುತ್ತದೆ, ಚಕ್ರ ಜಾರುತ್ತದೆ, ಸುಮ್ನೆ ಮೋಟಾರ್ ಬಿಸಿಯಾಗುತ್ತದೆ. ಇಷ್ಟು ದುಡ್ಡು ತೆಗೆದುಕೊಳ್ಳುವವರು ಇದನ್ನು ಸರಿ ಮಾಡಿ ಕಳಿಸಬೇಕಿತ್ತು.

ಆದರೆ ಒಳಗಿನ ಡಿಸಿಸಿ ಡಿಕೋಡರ್ (ಹಳಿಯಿಂದ ಬರುವ ಡಿಜಿಟಲ್ ಆದೇಶದಂತೆ ಮೋಟಾರ್ ಓಡಿಸುವ ಚಿಕ್ಕ ಸರ್ಕ್ಯೂಟ್) ತುಂಬಾ ಚೆನ್ನಾಗಿದೆ. ಅದರ ಸೆಟ್ಟಿಂಗ್‌ಗಳಿಗೆ ಸಿವಿ ಅಂತಾರೆ, ಒಂದೊಂದಕ್ಕೂ ಒಂದು ನಂಬರ್. ವೇಗ ಏರುವ, ಇಳಿಯುವ ನಿಧಾನವನ್ನು ಹೊಂದಿಸುವ ಸಿವಿ 3, ಸಿವಿ 4 ಎರಡನ್ನೂ 0 ಮಾಡಿಕೊಂಡೆ, ಇಲ್ಲದಿದ್ದರೆ ಎಂಜಿನ್ ನಿಧಾನಕ್ಕೆ ವೇಗ ಹಿಡಿಯುವುದರಿಂದ ಹೋಲಿಸೋಕೆ ಕಷ್ಟ. ಆಮೇಲೆ ಸಿವಿ 2ರಲ್ಲಿ ಹೊರಡುವ ವೇಗ, ಸಿವಿ 5ರಲ್ಲಿ ಗರಿಷ್ಠ ವೇಗ, ಸಿವಿ 6ರಲ್ಲಿ ನಡುವಿನ ವೇಗ ಹೊಂದಿಸಿದೆ. ನಿಧಾನದ್ದನ್ನು ಮುಟ್ಟಲೇ ಇಲ್ಲ, ಜೋರಾಗಿ ಓಡುವುದನ್ನೇ ಇಳಿಸುತ್ತಾ ಬಂದೆ. ಎರಡು ಸಂಜೆ ಹಿಡಿಯಿತು.

ಈಗ ಎರಡನ್ನೂ ಅಂಗೈಯಷ್ಟು ಅಂತರದಲ್ಲಿ ಬಿಟ್ಟರೆ ಮೂರು ಸುತ್ತು ಆದ ಮೇಲೂ ಅಂತರ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. 18 ವ್ಯಾಗನ್ ಕಟ್ಟಿದೆ, ತಿರುವಿನಲ್ಲೂ ಕಪ್ಲರ್ ಜಗ್ಗಲಿಲ್ಲ. ಕೊಳ್ಳುವವರು ಅಂಗಡಿಯಲ್ಲೇ ಎರಡನ್ನೂ ಓಡಿಸಿ, ಗಡಿಯಾರ ನೋಡಿಕೊಂಡು ತೆಗೆದುಕೊಳ್ಳಿ.