ಪಂಪ್ ಹೋಗಿಲ್ಲ ಸ್ವಾಮಿ, ಗಾಳಿ ಎಳೆಯುತ್ತಿದೆ: ಹಳೆ ಕಾರಿನ ಹೈಡ್ರಾಲಿಕ್ ಸ್ಟೀರಿಂಗ್ ಜೊತೆ ಹಲವು ವರ್ಷ

ಮೊದಲೇ ಹೇಳಿಬಿಡುತ್ತೇನೆ, ಆಯಿಲ್ ಮೇಲೆ ನಡೆಯುವ ಹಳೆ ಪವರ್ ಸ್ಟೀರಿಂಗ್ ಕಡೆಗೆ ನನ್ನದು ಪಕ್ಷಪಾತ. ಈಗಿನ ಎಲೆಕ್ಟ್ರಿಕ್ ಸ್ಟೀರಿಂಗ್ ಒಂದೇ ಬೆರಳಲ್ಲಿ ತಿರುಗುತ್ತದೆ, ಆಯಿಲ್ ಬೇಡ, ಬೆಲ್ಟ್ ಬೇಡ, ಎಲ್ಲ ನಿಜ. ಆದರೆ ತಿರುವಿನಲ್ಲಿ ಮುಂದಿನ ಟೈರ್ ಎಷ್ಟು ಹಿಡಿದುಕೊಂಡಿದೆ ಅಂತ ಕೈಗೆ ಗೊತ್ತಾಗುವುದು ನನಗೆ ಈ ಹಳೆಯದರಲ್ಲೇ. ಹಾಗಂತ ಇದನ್ನು ಹೊಗಳೋಕೆ ಬರೆಯುತ್ತಿಲ್ಲ. ಒಂದು ಸದ್ದು ನನ್ನ ತಲೆ ತಿಂದಿತ್ತು, ಅದನ್ನು ಹೇಳಬೇಕು.

ಗುಂಯ್ ಅನ್ನುವ ಸದ್ದು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಶುರು. ಆಕ್ಸಿಲರೇಟರ್ ಒತ್ತಿದರೆ ಅದೂ ಏರುತ್ತದೆ, ಸ್ಟೀರಿಂಗ್ ತಿರುಗಿಸಿದರೆ ನರಳುತ್ತದೆ. ತೋರಿಸಿದ ಕಡೆಯಲ್ಲೆಲ್ಲ ಒಂದೇ ಉತ್ತರ: ಸ್ಟೀರಿಂಗ್‌ಗೆ ಆಯಿಲ್ ತಳ್ಳುವ ಪಂಪ್ ಹೋಗಿದೆ, ಹೊಸದು ಹಾಕಿಸಿ. ಒಂದು ಗ್ಯಾರೇಜಿನಲ್ಲಂತೂ ಬಾನೆಟ್ ಕೂಡ ಎತ್ತಲಿಲ್ಲ, ದೂರದಿಂದಲೇ ಕೇಳಿ ತೀರ್ಪು ಕೊಟ್ಟರು. ಹಳೆ ಕಾರು ಇಟ್ಟುಕೊಂಡವರಿಗೆ ಈ ಪಂಪ್ ಕಥೆ ಹೊಸದೇನಲ್ಲ ಬಿಡಿ.

ಇಲ್ಲಿ ಒಂದು ವಿಷಯ. ಸ್ಟೀರಿಂಗ್ ಮಾಡುವ ಸದ್ದುಗಳಲ್ಲಿ ಮುಖ್ಯವಾಗಿ ಎರಡು ಜಾತಿ ಇವೆ. ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ, ಅಥವಾ ಸ್ಟೀರಿಂಗನ್ನು ತುದಿ ಮುಟ್ಟುವವರೆಗೆ, ಅಂದರೆ ಫುಲ್ ಲಾಕ್‌ಗೆ ತಿರುಗಿಸಿದಾಗ ಕಿರ್ರ್ ಅಂತ ಚೀರಿದರೆ ಅದು ಪಂಪ್ ತಿರುಗಿಸುವ ಬೆಲ್ಟ್ ಜಾರುತ್ತಿರುವುದು. ಸಡಿಲ ಆಗಿರಬಹುದು, ಸವೆದು ಹೊಳಪು ಬಂದಿರಬಹುದು. ಎಂಜಿನ್ ವೇಗದ ಜೊತೆಗೇ ಏರಿಳಿಯುವ ಗುಂಯ್ ಬೇರೆ. ಅದು ಪಂಪ್‌ಗೆ ಸರಿಯಾಗಿ ಆಯಿಲ್ ಸಿಗುತ್ತಿಲ್ಲ ಅಥವಾ ಆಯಿಲ್ ಜೊತೆ ಗಾಳಿ ಸೇರಿಕೊಂಡಿದೆ ಅಂತ. ಸದ್ದು ಪಂಪ್‌ನಿಂದ ಬರುತ್ತದೆ, ನಿಜ. ತಪ್ಪು ಮಾತ್ರ ಬಹಳ ಸಲ ಪಂಪ್‌ದಲ್ಲ.

ನನ್ನ ಕಾರಿನಲ್ಲಿ ಗುಟ್ಟು ರಟ್ಟಾಗಿದ್ದು ಸ್ಟೀರಿಂಗ್ ಆಯಿಲ್ ಡಬ್ಬಿಯಲ್ಲಿ. ಎಂಜಿನ್ ಓಡುತ್ತಿರುವಾಗ ಮುಚ್ಚಳ ತೆಗೆದು ಟಾರ್ಚ್ ಹಾಕಿದೆ. ಕೆಂಪಗೆ ತಿಳಿಯಾಗಿ ಇರಬೇಕಾದ ಆಯಿಲ್ ಮಸುಕು ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಮೇಲೆ ಸೋಪಿನ ನೊರೆ ಹಾಗೆ ಸಣ್ಣ ಸಣ್ಣ ಗುಳ್ಳೆ. ಎಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಗುಳ್ಳೆ ಹೋಗಿ ಮತ್ತೆ ತಿಳಿ ಕೆಂಪು. ಆಯಿಲ್ ಮಟ್ಟ ಸರಿ ಇದೆ, ಕೆಳಗೆ ಒಂದು ಹನಿ ಬಿದ್ದಿಲ್ಲ, ಮತ್ತೆ ಗಾಳಿ ಎಲ್ಲಿಂದ ಬಂತು?

ಡಬ್ಬಿಯಿಂದ ಪಂಪ್‌ಗೆ ಹೋಗುವ ಪೈಪ್ ಇದೆಯಲ್ಲ, ಅಲ್ಲಿಂದಲೇ. ಪಂಪ್ ಆಚೆ ಬದಿಯಲ್ಲಿ ಆಯಿಲನ್ನು ಭಾರಿ ಒತ್ತಡದಲ್ಲಿ ತಳ್ಳುತ್ತದೆ. ಫುಲ್ ಲಾಕ್‌ನಲ್ಲಿ ಅದು 70 ಬಾರ್ ದಾಟುವುದು ಮಾಮೂಲು. ಅಲ್ಲಿ ಸಣ್ಣ ಬಿರುಕು ಬಿಟ್ಟರೂ ಆಯಿಲ್ ಹೊರಗೆ ಬಂದು ತಾನೇ ಹೇಳಿಕೊಳ್ಳುತ್ತದೆ. ಆದರೆ ಈಚೆ ಬದಿಯಲ್ಲಿ ಪಂಪ್ ಎಳೆಯುತ್ತದೆ. ಎಳೆಯುವ ಕಡೆ ಕ್ಲಿಪ್ ಸಡಿಲವಿದ್ದರೆ, ಜೋಡಣೆಯಲ್ಲಿ ಕೂರುವ ರಬ್ಬರ್ ಬಳೆ, ಅಂದರೆ ಓ ರಿಂಗ್, ಗಟ್ಟಿಯಾಗಿದ್ದರೆ, ಆಯಿಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಕಲೆ ಹುಡುಕುತ್ತಾ ಕೂತರೆ ಇದು ಜನ್ಮದಲ್ಲಿ ಸಿಗಲ್ಲ. ಸುಮ್ನೆ ಬಿಟ್ಟರೆ, ಗಾಳಿ ಬೆರೆತ ಆಯಿಲ್‌ನಲ್ಲಿ ಓಡಿ ಓಡಿ ಪಂಪ್ ಒಳಗಿನ ಸಣ್ಣ ರೆಕ್ಕೆಗಳು ಸವೆದು, ಪಂಪ್ ನಿಜವಾಗಿಯೂ ಹೋಗುತ್ತದೆ. ಆಗ ಮೊದಲೇ ಹೇಳಿದವರು ಸರಿ ಅಂತಾಗುತ್ತಾರೆ! ಹೊಸ ಪಂಪ್ ಬಂದರೂ ಹಳೆ ಓ ರಿಂಗೇ ಮುಂದುವರಿದರೆ ಅದಕ್ಕೂ ಅದೇ ಗತಿ.

ಆ ಓ ರಿಂಗ್ ಬಿಚ್ಚಿದಾಗ ನೋಡಬೇಕಿತ್ತು. ರಬ್ಬರ್ ಅನ್ನುವ ಗುಣವೇ ಉಳಿದಿರಲಿಲ್ಲ. ದುಂಡಗೆ ಇರಬೇಕಾದ್ದು ಒಂದು ಬದಿ ಚಪ್ಪಟೆ, ಉಗುರು ಒತ್ತಿದರೆ ಗುರುತು ಬೀಳಲ್ಲ, ಸ್ವಲ್ಪ ಬಗ್ಗಿಸಿದ್ದಕ್ಕೆ ಹೊರಮೈಯಲ್ಲಿ ಬಿರುಕು. ಇಡೀ ರಿಪೇರಿಯಲ್ಲಿ ಎಲ್ಲಕ್ಕಿಂತ ಅಗ್ಗದ ಸಾಮಾನು ಇದೇ. ಹೊಸದು ಹಾಕಿ, ಪೈಪ್‌ಗೆ ಹೊಸ ಕ್ಲಿಪ್ ಕೊಟ್ಟು, ಗಾಳಿ ತೆಗೆದ ಮೇಲೆ ಗುಂಯ್ ಮಾಯ. ಎಷ್ಟು ಮಾಯ ಅಂದರೆ ಇಷ್ಟು ದಿನ ಕೇಳಿಸದೇ ಇದ್ದ ಡ್ಯಾಶ್‌ಬೋರ್ಡ್ ಕಟಕಟ ಈಗ ಕೇಳಿಸುತ್ತಿದೆ, ಅದು ಬೇರೆ ತಲೆನೋವು.

ಗಾಳಿ ತೆಗೆಯುವಾಗ ಅವಸರ ಬೇಡ. ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಕೊಡಿ, ಬರೀ ಜ್ಯಾಕ್ ನಂಬಬೇಡಿ. ಎಂಜಿನ್ ಆಫ್ ಇಟ್ಟುಕೊಂಡೇ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸುತ್ತಾ ಇರಿ. ಡಬ್ಬಿಯಲ್ಲಿ ಗುಳ್ಳೆ ಏಳುತ್ತದೆ, ಮಟ್ಟ ಇಳಿಯುತ್ತದೆ, ಸುರಿಯುತ್ತಾ ಹೋಗಿ. ಗುಳ್ಳೆ ನಿಂತ ಮೇಲೆ ಸ್ಟಾರ್ಟ್ ಮಾಡಿ. ಮೊದಲೇ ಸ್ಟಾರ್ಟ್ ಮಾಡಿದರೆ ಪಂಪ್ ಆ ಗಾಳಿಯನ್ನೆಲ್ಲ ಕಡೆದು ನೊರೆ ಮಾಡುತ್ತದೆ, ಅದು ಇಳಿಯುವವರೆಗೆ ಕಾಯಬೇಕು.

ಈಗ ನನಗೆ ಖುಷಿ ಕೊಡುವ ಕೆಲಸಕ್ಕೆ ಬರೋಣ, ಆಯಿಲ್ ಬದಲಾಯಿಸುವುದು. ಒಂದು ದೊಡ್ಡ ಸಿರಿಂಜ್, ತುದಿಗೆ ತೆಳು ಪೈಪ್, ಒಂದು ಖಾಲಿ ಬಾಟಲಿ, ಅಷ್ಟೇ. ಮುಚ್ಚಳ ತೆಗೆಯುವ ಮೊದಲು ಸುತ್ತಲಿನ ಧೂಳನ್ನು ಬಟ್ಟೆಯಲ್ಲಿ ಒರೆಸುತ್ತೇನೆ, ಒಂದು ಮರಳಿನ ಕಣ ಒಳಗೆ ಬಿದ್ದರೂ ಸಂಕಟ. ಒಂದು ಹನಿ ಬಿಳಿ ಟಿಶ್ಯೂ ಮೇಲೆ ಬಿಟ್ಟು ಬಣ್ಣ ನೋಡುತ್ತೇನೆ. ಕೆಂಪಿದ್ದರೆ ಸಮಾಧಾನ, ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಬದಲಾಯಿಸುವ ಹೊತ್ತು. ಡಬ್ಬಿಯಲ್ಲಿ ಇರುವುದನ್ನು ಎಳೆದು ಹೊಸದು ಸುರಿದು ಒಂದು ಸುತ್ತು ಓಡಿಸಿ ಬಂದು ಮತ್ತೆ ಅದೇ ಕೆಲಸ. ಒಂದೇ ಸಲಕ್ಕೆ ಪೂರ್ತಿ ಹೊಸದಾಗಲ್ಲ. ಒಟ್ಟು ಆಯಿಲ್‌ನ ಮೂರನೇ ಒಂದು ಭಾಗ ಡಬ್ಬಿಯಲ್ಲಿದೆ ಅಂತ ಇಟ್ಟುಕೊಂಡರೆ, ಮೂರು ಸಲ ಮಾಡಿದ ಮೇಲೆ ಶೇ. 70ರಷ್ಟು ಹೊಸದು ಆಗಿರುತ್ತದೆ. ನನ್ನಂಥ ಕೈ ಬಿಗಿ ಇರುವವರಿಗೆ ಇದು ಹೇಳಿ ಮಾಡಿಸಿದ ದಾರಿ, ಪೈಪ್ ಬಿಚ್ಚುವುದೂ ಬೇಡ. ಹಲವು ಕಾರುಗಳ ಡಬ್ಬಿಯ ತಳದಲ್ಲಿ ಜಾಲರಿ ಇರುತ್ತದೆ. ಅದು ಕಟ್ಟಿಕೊಂಡರೂ ಗುಂಯ್ ಬರುತ್ತದೆ, ಅದನ್ನೂ ನೋಡಿ.

ಯಾವ ಆಯಿಲ್ ಅಂತ ಮುಚ್ಚಳದ ಮೇಲೆ ಅಥವಾ ಕಾರಿನ ಪುಸ್ತಕದಲ್ಲಿ ಇರುತ್ತದೆ. ಕೆಲವಕ್ಕೆ ಡೆಕ್ಸ್‌ರಾನ್ ಥರದ ಕೆಂಪು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್), ಕೆಲವಕ್ಕೆ ಹಸಿರು ಬಣ್ಣದ ಸಿಂಥೆಟಿಕ್ ಆಯಿಲ್, ಇವೆರಡನ್ನೂ ಬೆರೆಸಬಾರದು. ಬ್ರೇಕ್ ಆಯಿಲ್ ಮಾತ್ರ ಹತ್ತಿರಕ್ಕೂ ತರಬೇಡಿ. ಸೀಲ್‌ಗಳ ರಬ್ಬರ್ ಉಬ್ಬಿ ಹಾಳಾಗುತ್ತದೆ, ಆಮೇಲೆ ಪಂಪ್, ಮುಂದಿನ ಚಕ್ರಗಳನ್ನು ಆಚೀಚೆ ತಿರುಗಿಸುವ ರ‍್ಯಾಕ್ ಎಲ್ಲಕ್ಕೂ ಖರ್ಚು.

ಲೀಕ್ ನಿಲ್ಲಿಸುತ್ತೇವೆ ಅಂತ ಮಾರುವ ಬಾಟಲಿಗಳ ಬಗ್ಗೆ ನನಗೆ ಒಳ್ಳೆ ಮಾತಿಲ್ಲ. ಅವು ಗಟ್ಟಿಯಾದ ಸೀಲನ್ನು ಮೆತ್ತಗೆ ಮಾಡಿ ಉಬ್ಬಿಸುತ್ತವೆ. ರ‍್ಯಾಕ್ ಸೀಲ್ ಸ್ವಲ್ಪವೇ ಜಿನುಗುತ್ತಿದ್ದರೆ ಕೆಲವು ಕಾಲ ತಳ್ಳಬಹುದು, ಇಲ್ಲ ಅನ್ನಲ್ಲ. ಒಡೆದ ಪೈಪ್, ಸಡಿಲ ಕ್ಲಿಪ್, ಬಿರುಕು ಬಿಟ್ಟ ಓ ರಿಂಗ್ ಇದ್ದರೆ ಅದು ಬರೀ ದಂಡ. ರ‍್ಯಾಕ್ ತುದಿ ಮುಚ್ಚುವ ರಬ್ಬರ್ ಚೀಲವನ್ನು (ಬೂಟ್) ಒಮ್ಮೆ ಹಿಸುಕಿ ನೋಡಿ. ಒಳಗೆ ಆಯಿಲ್ ತುಂಬಿ ಕುಲುಕಿದರೆ ಬಾಟಲಿಗೆ ಕೊಡುವ ದುಡ್ಡನ್ನು ಸೀಲ್‌ಗೆ ಎತ್ತಿಡಿ.

ಇನ್ನೊಂದು, ಪಾರ್ಕಿಂಗ್ ಮಾಡುವಾಗ ಸ್ಟೀರಿಂಗನ್ನು ತುದಿಗೆ ತಿರುಗಿಸಿ ಹಾಗೇ ಒತ್ತಿ ಹಿಡಿಯುವವರು ತುಂಬಾ ಜನ. ಆಗ ಬರುವ ಸುಯ್ ಸದ್ದು ಒತ್ತಡ ಬಿಡುವ ವಾಲ್ವ್‌ದು. ಆಯಿಲ್ ಅಲ್ಲೇ ಸುತ್ತಿ ಕ್ಷಣದಲ್ಲಿ ಕಾದುಬಿಡುತ್ತದೆ. ತುದಿ ಮುಟ್ಟಿದ ಮೇಲೆ ಒಂದಿಷ್ಟು ಸಡಿಲ ಬಿಟ್ಟರೆ ಸಾಕು. ಕಾರು ಕೊಂಚ ಉರುಳುತ್ತಿರುವಾಗ ತಿರುಗಿಸಿದರೆ ಇನ್ನೂ ಒಳ್ಳೆಯದು, ಟೈರ್‌ಗೂ ಜಾಸ್ತಿ ಬಾಳಿಕೆ.

ತಿಂಗಳಿಗೆ ಒಮ್ಮೆಯೂ ಬಾನೆಟ್ ಎತ್ತದವರಾದರೆ ಈ ವ್ಯವಸ್ಥೆ ಇರುವ ಹಳೆ ಕಾರು ನಿಮಗಲ್ಲ, ಎಲೆಕ್ಟ್ರಿಕ್ ಸ್ಟೀರಿಂಗ್ ಇರುವುದನ್ನೇ ತೊಗೊಳ್ಳಿ. ಎತ್ತುವವರಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಕಳೆದಿದ್ದು, ಪಂಪ್‌ನಿಂದ ಒತ್ತಡದ ಆಯಿಲ್ ಒಯ್ಯುವ ಪ್ರೆಶರ್ ಪೈಪ್‌ಗೆ. ಅದರ ಲೋಹದ ತುದಿ ರಬ್ಬರ್ ಸೇರುವ ಕಡೆ ಈಗ ತೇವ ಕಾಣುತ್ತಿದೆ, ಕೆಳಗೇ ಬಿಸಿ ಎಕ್ಸಾಸ್ಟ್ ಇದೆ. ಅದರ ಮೇಲೆ ಆಯಿಲ್ ಬಿದ್ದರೆ ಹೊಗೆ ಬರುವುದಷ್ಟೇ ಅಲ್ಲ, ಬೆಂಕಿಯೂ ಹತ್ತಬಹುದು. ಹಾಗಾಗಿ ಅದಕ್ಕೆ ಬಾಟಲಿಯೂ ಇಲ್ಲ, ಟೇಪೂ ಇಲ್ಲ, ಹೊಸ ಪೈಪೇ ಹಾಕಿಸುತ್ತಿದ್ದೇನೆ.