ಬಳ್ಳಾರಿ ಬಿಸಿಲಿಗೆ ಫಾಕ್ಸ್‌ಗ್ಲವ್ ತಾಳುತ್ತಾ? ಹಾಲಿಹಾಕ್, ಏಂಜಲೋನಿಯಾ, ಎಳ್ಳಿನ ಜೊತೆ ಒಂದು ಹೋಲಿಕೆ

ಇಂಗ್ಲೆಂಡಿನ ಹಳ್ಳಿಮನೆ ತೋಟದ ಫೋಟೊದಲ್ಲಿ ಮೊದಲು ಕಣ್ಣಿಗೆ ಬೀಳುವುದು ಆಳೆತ್ತರದ ದಂಟು, ಅದರ ತುಂಬ ತೂಗುವ ಗಂಟೆಯಂಥ ಹೂ. ಅದೇ ಫಾಕ್ಸ್‌ಗ್ಲವ್. ನಮ್ಮ ಬಳ್ಳಾರಿಯಲ್ಲಿ ಏಪ್ರಿಲ್ ಬಂತೆಂದರೆ 40 ಡಿಗ್ರಿ. ಇಲ್ಲಿ ಇದು ಬರುತ್ತದಾ, ಬರದಿದ್ದರೆ ಅದೇ ನೋಟ ಕೊಡುವ ಗಿಡ ಬೇರೆ ಯಾವುದಿದೆ? ಹಿತ್ತಲಲ್ಲಿ ಎಲ್ಲವನ್ನೂ ಅಕ್ಕಪಕ್ಕ ಬೆಳೆಸಿ ನೋಡಿದೆ.

ಮಾಮೂಲಿ ಫಾಕ್ಸ್‌ಗ್ಲವ್ ಎರಡು ವರ್ಷದ ಗಿಡ. ಮೊದಲ ವರ್ಷ ಬರೀ ಎಲೆ. ಆಮೇಲೆ ವಾರಗಟ್ಟಲೆ 10 ಡಿಗ್ರಿಗಿಂತ ಕೆಳಗಿನ ಚಳಿ ತಿಂದರೆ ಮಾತ್ರ ಹೂದಂಟು ಏಳುತ್ತದೆ. ಊಟಿ ಕಡೆ ಅದು ಸಲೀಸು. ನಮ್ಮಲ್ಲಿ ಡಿಸೆಂಬರ್ ರಾತ್ರಿಗೂ ಅಷ್ಟು ಚಳಿ ಎಲ್ಲಿಂದ ಬರಬೇಕು? ಹಾಗಾಗಿ ಕೊಳ್ಳುವುದಾದರೆ ಚಳಿ ಕೇಳದೆ ಮೊದಲ ವರ್ಷವೇ ಹೂ ಬಿಡುವ ಫಾಕ್ಸಿ, ಕ್ಯಾಮೆಲಾಟ್, ಡಾಲ್ಮೇಷಿಯನ್ ತಳಿಗಳನ್ನೇ ಕೊಳ್ಳಬೇಕು. ನಾನು ಹಾಕಿದ್ದು ಫಾಕ್ಸಿ. ಬಿತ್ತಿದ ಮೇಲೆ ಹೂವಿಗೆ ಸುಮಾರು ಐದು ತಿಂಗಳು ಬೇಕು, ಅಂದರೆ ಆಗಸ್ಟ್ ಕೊನೆಗೇ ಬೀಜ ಬೀಳಬೇಕು.

ಬೀಜವೋ ಧೂಳಿನಷ್ಟು ಸಣ್ಣದು. ಮೊಳೆಯಲು ಬೆಳಕು ಬೇಕು, ಮಣ್ಣು ಮುಚ್ಚುವ ಹಾಗಿಲ್ಲ. ಸಣ್ಣ ಮರಳಿನ ಜೊತೆ ಬೆರೆಸಿ ಕೋಕೋಪಿಟ್ (ತೆಂಗಿನ ನಾರಿನ ಪುಡಿ) ಮೇಲೆ ಉದುರಿಸಿ, ಟ್ರೇಯನ್ನು ಕಿಟಕಿ ಹತ್ತಿರ ಕುಡಿಯುವ ನೀರಿನ ಮಡಕೆ ಪಕ್ಕ ಇಟ್ಟಿದ್ದೆ. ಮನೆಯಲ್ಲಿ ಅದಕ್ಕಿಂತ ತಂಪಾದ ಮೂಲೆ ಇಲ್ಲ. ಸಸಿಗಳನ್ನು ಆಮೇಲೆ ಪೂರ್ವದ ವರಾಂಡಕ್ಕೆ ತಂದೆ, ಬೆಳಗಿನ ಬಿಸಿಲು ಮಾತ್ರ ಸಿಗುವ ಕಡೆ. ಮಧ್ಯಾಹ್ನ ಎಲೆಗಳು ಜೋಲುತ್ತವೆ, ಸಂಜೆಗೆ ತಾವೇ ಎದ್ದು ನಿಲ್ಲುತ್ತವೆ. ಜೋತಿದೆ ಅಂತ ನೀರು ಸುರಿದರೆ ಬೇರು ಕೊಳೆಯುತ್ತದೆ. ಮಣ್ಣಿಗೆ ಬೆರಳು ಹಾಕಿ ನೋಡಿಯೇ ನೀರು ಕೊಡಿ.

ಜನವರಿ ಕೊನೆಗೆ ಹೂವಾಯಿತು. ಆಳೆತ್ತರ ಅಲ್ಲ, ಮೊಣಕಾಲೆತ್ತರ. ಆದರೆ ಒಂದು ಹೂವನ್ನು ಎತ್ತಿ ಒಳಗೆ ನೋಡಿ: ಕೆಳತುಟಿಯ ಮೇಲೆ ಕಡುಕೆಂಪು ಚುಕ್ಕೆ, ಪ್ರತಿ ಚುಕ್ಕೆಗೂ ಬಿಳಿ ಅಂಚು, ನಡುವೆ ನಾಲ್ಕಾರು ನೆಟ್ಟನೆಯ ಕೂದಲು. ಈ ಚೆಂದ ಬೇರೆ ಯಾವ ಹೂವಿಗೂ ಇಲ್ಲ, ಒಪ್ಪಿಕೊಳ್ಳಲೇಬೇಕು. ಹೂ ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದೆ. ಶಿವರಾತ್ರಿ ಹೊತ್ತಿಗೆ ಬಿಸಿಲೇರಿತು, ತುದಿಯ ಮೊಗ್ಗೆಲ್ಲ ಅರಳದೆ ಕಂದಿದವು. ಇನ್ನೊಂದು ಮಾತು: ಬೇರಿನಿಂದ ಬೀಜದವರೆಗೆ ಇಡೀ ಗಿಡ ವಿಷ. ಹೃದಯದ ಕಾಯಿಲೆಗೆ ಕೊಡುವ ಡಿಗಾಕ್ಸಿನ್ ಸಿಗುವುದು ಇದರದೇ ಜಾತಿಯ ಇನ್ನೊಂದು ಗಿಡದಿಂದ. ವಿಲಿಯಂ ವಿದರಿಂಗ್ ಎಂಬ ಇಂಗ್ಲೆಂಡಿನ ವೈದ್ಯ 1785ರಲ್ಲೇ ಈ ಫಾಕ್ಸ್‌ಗ್ಲವ್ ಬಗ್ಗೆ ಪುಸ್ತಕ ಬರೆದಿದ್ದ. ಸಣ್ಣ ಮಕ್ಕಳು, ಮೇಕೆ, ದನ ಓಡಾಡುವ ಹಿತ್ತಲಿಗೆ ಇದು ಬೇಡವೇ ಬೇಡ.

ಎತ್ತರವೇ ಬೇಕೆಂದರೆ ಹಾಲಿಹಾಕ್‌ಗೆ ಸಾಟಿಯಿಲ್ಲ. ದಾಸವಾಳ, ಬೆಂಡೆ, ಹತ್ತಿಯ ನೆಂಟ ಅಲ್ವಾ, ಬಿಸಿಲು ಅದಕ್ಕೆ ಹೊಸದೇನಲ್ಲ. ಅಕ್ಟೋಬರ್‌ನಲ್ಲಿ ನೇರ ನೆಲಕ್ಕೇ ಬೀಜ ಹಾಕಿ. ತಾಯಿಬೇರು ಆಳಕ್ಕಿಳಿಯುವ ಗಿಡ, ಕಿತ್ತು ನೆಟ್ಟರೆ ಸೊರಗುತ್ತದೆ. ಫೆಬ್ರವರಿಯಲ್ಲಿ ಕಾಂಪೌಂಡ್ ಗೋಡೆಯ ಮೇಲೆ ತಲೆ ಹಾಕಿತು. ಹೂ ಗಂಟೆಯಲ್ಲ, ಅಗಲವಾದ ಬಟ್ಟಲು. ಕಾಟ ಎರಡು: ಎಲೆಯಡಿ ತುಕ್ಕು ರೋಗದ ಕಿತ್ತಳೆ ಗುಳ್ಳೆಗಳು, ದಾಸವಾಳಕ್ಕೆ ಹತ್ತುವ ಅದೇ ಬಿಳಿ ಹಿಟ್ಟು ತಿಗಣೆ. ಮೊದಲನೆಯದಕ್ಕೆ ಕೆಳಗಿನ ಎಲೆ ಕಿತ್ತು ಸುಟ್ಟುಬಿಡಿ, ಎರಡನೆಯದಕ್ಕೆ ಬೇವಿನೆಣ್ಣೆ ಸಾಕು. ಕೋಲು ಕಟ್ಟದಿದ್ದರೆ ಗಾಳಿಗೆ ಮಲಗುತ್ತದೆ.

ಇದೇ ಥರ ದಂಟಿನ ತುಂಬ ಹೂ ಬಿಡುವ ಲಾರ್ಕ್‌ಸ್ಪರ್ ನನಗೆ ಹಿಡಿಸಲಿಲ್ಲ. ಮಣ್ಣು ತಣ್ಣಗಿಲ್ಲದಿದ್ದರೆ ಬೀಜವೇ ಮೊಳೆಯುವುದಿಲ್ಲ, ಫ್ರಿಜ್ಜಿನಲ್ಲಿಟ್ಟು ಹಾಕಿದರೂ ಅಲ್ಲೊಂದು ಇಲ್ಲೊಂದು. ಅದೂ ವಿಷವೇ. ನರ್ಸರಿಯವರು ಡಾಗ್ ಫ್ಲವರ್ ಅನ್ನುವ ಆಂಟಿರೈನಮ್ ಪಾಪದ್ದು, ಚಳಿಗಾಲವಿಡೀ ಹೂ ಕೊಟ್ಟು ಮಾರ್ಚ್‌ನಲ್ಲಿ ಹೊರಟುಹೋಗುತ್ತದೆ.

ಏಂಜಲೋನಿಯಾ ಫಾಕ್ಸ್‌ಗ್ಲವ್‌ನದೇ ಕುಟುಂಬ, ಆದರೆ ಗುಣ ಪೂರ್ತಿ ಉಲ್ಟಾ. ಮೇ ಬಿಸಿಲಲ್ಲೂ ನೇರಳೆ ಹೂ. ಕಡ್ಡಿ ನೆಟ್ಟರೆ ಬೇರು ಬಿಡುತ್ತದೆ, ದುಡ್ಡು ಒಮ್ಮೆ ಕೊಟ್ಟರಾಯಿತು. ಹೂ ಮಾತ್ರ ಚಿಕ್ಕದು, ದೂರದಿಂದ ನೋಡಿದರೆ ಬಣ್ಣ ಕಾಣುತ್ತದೆ, ಆಕಾರ ಕಾಣುವುದಿಲ್ಲ.

ಹಾಗಾದರೆ ಆ ಗಂಟೆಯ ಆಕಾರವೇ ಬೇಕೆಂದರೆ? ಎಳ್ಳು ಹಾಕಿ. ತಮಾಷೆಯಲ್ಲ. ಎಳ್ಳಿನ ಹೊಲ ನೋಡಿದವರಿಗೆ ಗೊತ್ತು, ಎಲೆಯ ಬುಡದಿಂದ ಜೋಲುವ ತಿಳಿಗುಲಾಬಿ ಹೂ ಥೇಟ್ ಫಾಕ್ಸ್‌ಗ್ಲವ್. ಕಪ್ಪು ದುಂಬಿ ತಲೆ ಒಳಗೆ ತೂರಿಸಿದರೆ ಹಿಂಭಾಗವಷ್ಟೇ ಹೊರಗೆ ಕಾಣುತ್ತದೆ. ಕಿರಾಣಿ ಅಂಗಡಿಯ ಸಿಪ್ಪೆ ಸಮೇತದ ಕರಿ ಎಳ್ಳು ಒಂದು ಚಮಚ ಸಾಕು, ಹುರಿದದ್ದು ಬೇಡ. ಫೆಬ್ರವರಿ ಮೊದಲಲ್ಲಿ ಹಾಕಿದರೆ ಸುಮಾರು 40 ದಿನಕ್ಕೆ ಹೂ, ಫಾಕ್ಸ್‌ಗ್ಲವ್ ಕಂದಿದ ಹೊತ್ತಿಗೆ ಸರಿಯಾಗಿ. ಒತ್ತೊತ್ತಾಗಿ ಹಾಕಿದರಷ್ಟೇ ಚೆಂದ, ಒಂಟಿ ಗಿಡ ಬಡಕಲು. ನೀರು ನಿಲ್ಲಬಾರದು. ಕೆಲವು ಗಿಡದಲ್ಲಿ ಹೂವಿನ ಜಾಗದಲ್ಲಿ ಎಲೆಯ ಗೊಂಚಲು ಬರುತ್ತದೆ. ಅದು ಜಿಗಿಹುಳು ಹರಡುವ ರೋಗ, ಕಂಡ ಕೂಡಲೇ ಕಿತ್ತೆಸೆಯಿರಿ.

ಈ ಸಲ ನನ್ನ ಲೆಕ್ಕ ಹೀಗಿದೆ. ಗೋಡೆಯುದ್ದಕ್ಕೂ ಹಾಲಿಹಾಕ್, ಅದರ ಮುಂದೆ ಎಳ್ಳು, ಅಂಚಿಗೆ ಏಂಜಲೋನಿಯಾ. ಫಾಕ್ಸ್‌ಗ್ಲವ್‌ಗೆ ವರಾಂಡದಲ್ಲಿ ಎರಡು ಕುಂಡ, ಅಷ್ಟೇ. ಅದರ ಬೀಜದ ಪಾಕೆಟ್ಟಿಗೆ ಕೊಡುವ ದುಡ್ಡಿನಲ್ಲಿ ಉಳಿದ ಮೂರೂ ಬರುತ್ತವೆ.